ಗಾಯಾಳುವಿಗೆ ಓಟಿಲ್ಲ

“ನನ್ನ ಮಗಳನ್ನ ನಿಮ್ಮತ್ರ ಕಳಿಸ್ತಿರೋದು ಹಿಮದ ಉಂಡೆ ಎಸೆಯೋದು ಕಲೀಲಿ ಅಂತಲ್ಲ, ವರ್ನಾ,” ಎಂದ ಗ್ಯಾರೆಟ್ ಲಿಂಡ್‌ಕ್ವಿಸ್ಟ್. ಬೆಟ್ಟ ಹತ್ತಿಸುವ ಲಿಫ್ಟಿನ ಸಾಲಿನಲ್ಲಿ ನಿಂತವರಿಗೆಲ್ಲ ಕೇಳಲಿ ಎಂದೇ ಗಟ್ಟಿಯಾಗಿ ಅಂದ.

ವರ್ನಾ ಕೊಸ್ಕೆಲಾ ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿಕೊಳ್ಳುತ್ತಿದ್ದಳು. ತಲೆ ಎತ್ತಲಿಲ್ಲ. “ಎಸೆಯೋದು ಬರುತ್ತಪ್ಪಾ ಅವಳಿಗೆ. ಎಸೆದ ಮೇಲೆ ನಿಂತು ನೋಡೋದು ಬರಲ್ಲ. ಅದನ್ನ ಕಲಿಸ್ತಿದೀನಿ.”

“ಪಕ್ಕದ ಕಣಿವೆ ಮಕ್ಕಳು ಧ್ವಜದ ಕೋಲುಗಳ ಮಧ್ಯೆ ಗಾಳಿ ಥರ ಇಳೀತಿದಾರೆ. ಗಡಿಯಾರ ಹಿಡ್ಕೊಂಡು ಒಂದೊಂದು ಸೆಕೆಂಡೂ ಅಳೀತಿದಾರೆ. ನಮ್ಮೋರು? ಬೀಳೋದು ಹೇಗೆ, ನಿಲ್ಲೋದು ಹೇಗೆ, ಒಬ್ಬರನ್ನೊಬ್ಬರು ಕೂಗೋದು ಹೇಗೆ! ಹನ್ನೆರಡು ವರ್ಷ ಆಯ್ತು ಬ್ರೀಟಾಗೆ. ಇನ್ನೆರಡು ವರ್ಷ ಹೀಗೇ ಕಳೆದ್ರೆ ಮುಗೀತು ಕಥೆ.”

“ನಿನಗೂ ಇದನ್ನೇ ಕಲಿಸಿದ್ದೆ, ಗ್ಯಾರೆಟ್. ಹತ್ತು ವರ್ಷದೋನಿದ್ದೆ.”

“ಅದಕ್ಕೇ ನಾನು ಒಂದು ಪದಕಾನೂ ತರಲಿಲ್ಲ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ವರ್ನಾಳ ಕಿವಿ ಬಿಸಿಯಾಯಿತು. ಟಯರ್ ಅಂಗಡಿಯ ಈ ಮನುಷ್ಯ ಕೆಟ್ಟವನೇನಲ್ಲ. ಕಾಪರ್ ನಾಬ್ ಬೆಟ್ಟದ ಸ್ಕೀ ಕ್ಲಬ್ಬಿಗೆ ಅಧ್ಯಕ್ಷ. ಮೊಂಟಾನಾದ ಆ ಚಿಕ್ಕ ಊರಿನ ಲಿಫ್ಟ್ ಕೆಟ್ಟು ನಿಂತಾಗಲೆಲ್ಲ ರಜೆ ಹಾಕಿ ಬಂದು ಕೈ ಕರಿ ಮಾಡಿಕೊಳ್ಳುವವನು ಅವನೇ. ಆದರೆ ಮಗಳ ವಿಷಯ ಬಂದರೆ ಅವನಿಗೆ ಬೇರೆ ಏನೂ ಕಾಣಿಸುತ್ತಿರಲಿಲ್ಲ. ಮಾರನೆಯ ದಿನ, ಭಾನುವಾರ, ಅಗ್ನಿಶಾಮಕ ಠಾಣೆಯ ಹಾಲಿನಲ್ಲಿ ಪೋಷಕರ ಸಭೆ. ವರ್ನಾಳ ಶನಿವಾರದ ತರಗತಿಯನ್ನು ಮುಚ್ಚಿ, ಮಕ್ಕಳನ್ನು ರೇಸಿನ ಹೊಸ ತರಬೇತುದಾರನಿಗೆ ಒಪ್ಪಿಸಬೇಕೇ ಬೇಡವೇ ಎಂಬುದಕ್ಕೆ ಓಟು. ಯಾರ ಕೈ ಯಾವ ಕಡೆ ಏಳುತ್ತದೆ ಎಂದು ವರ್ನಾ ಆಗಲೇ ಮನಸ್ಸಿನಲ್ಲಿ ಲೆಕ್ಕ ಹಾಕಿ ಮುಗಿಸಿದ್ದಳು. ಐದಕ್ಕೆ ಮೂರು. ಅವಳು ಸೋತಿದ್ದಳು.

ಇಪ್ಪತ್ತೊಂಬತ್ತು ಚಳಿಗಾಲ ನಡೆಸಿದ ತರಗತಿ ಅದು. ವಾರವಿಡೀ ಅಂಚೆ ಹಂಚಿ, ಶನಿವಾರ ಬೆಟ್ಟಕ್ಕೆ ಬರುತ್ತಿದ್ದಳು. ಬೆಟ್ಟದ ಹಿಂಬದಿಯಲ್ಲಿ ಊರವರು ಹಂಡೆ ಎಂದು ಕರೆಯುವ ಆಳವೊಂದಿದೆ. ಮೋಡ ಇಳಿದ ಒಂದು ದಿನ ಅದರ ಅಂಚು ಕಾಣದೆ ಇಬ್ಬರು ಹುಡುಗರು ಒಳಗೆ ಹೋದರು, ಒಬ್ಬನೇ ವಾಪಸು ಬಂದ. ಅದರ ಮುಂದಿನ ವಾರವೇ ವರ್ನಾ ತರಗತಿ ಶುರು ಮಾಡಿದ್ದು. ಈ ಮಾತನ್ನು ಅವಳು ಯಾವ ಸಭೆಯಲ್ಲೂ ಎತ್ತಿದವಳಲ್ಲ. ಸತ್ತ ಮಗುವನ್ನು ಮುಂದಿಟ್ಟುಕೊಂಡು ವಾದ ಗೆಲ್ಲುವುದು ಅವಳಿಗೆ ಅಸಹ್ಯ.

“ಸರಿ, ಕೊನೇ ಶನಿವಾರ ಅಂದ್ಕೊಂಡು ಕರ್ಕೊಂಡು ಹೋಗ್ತೀನಿ ಬಿಡು,” ಎಂದು ಲಿಫ್ಟಿನ ಕುರ್ಚಿ ಹತ್ತಿದಳು.

ಅವತ್ತು ಗುಂಪಿನಲ್ಲಿ ಮೂವರೇ. ಗ್ಯಾರೆಟ್‌ನ ಮಗಳು ಬ್ರೀಟಾ, ಬೆಟ್ಟದಲ್ಲೇ ವೇಗದ ಹುಡುಗಿ. ಜನ್ಮದಲ್ಲಿ ಯಾರನ್ನೂ ತನ್ನ ಮುಂದೆ ಬಿಟ್ಟವಳಲ್ಲ. ಹದಿಮೂರರ ಥಿಯೋ, ಗುಂಪಿನಲ್ಲಿ ಸ್ನೋಬೋರ್ಡ್ ತರುವವನು ಇವನೊಬ್ಬನೇ. ಸಪಾಟು ಜಾಗ ಬಂದಾಗಲೆಲ್ಲ ಒಂದು ಕಾಲು ಬಿಚ್ಚಿಕೊಂಡು ಕುಂಟುತ್ತ ತಳ್ಳಿಕೊಂಡು ಬಂದು ಬ್ರೀಟಾಳ ಕೈಲಿ “ಏ ಕುಂಟಾ” ಅನ್ನಿಸಿಕೊಳ್ಳುವವನು. ಮೂರನೆಯವಳು ವಿನಿ, ಒಂಬತ್ತು ವರ್ಷ, ಬಾಯಿಗೆ ಬಿಡುವೇ ಇಲ್ಲ.

ತುದಿಯಲ್ಲಿ ಇಳಿದಾಗ ಬಿಸಿಲಿತ್ತು. ಹಿಂಬದಿಯ ದಿಣ್ಣೆ ದಾರಿ ಹಿಡಿದರು. ಯಂತ್ರ ಓಡಿಸಿ ಗಟ್ಟಿ ಮಾಡಿದ ಅಗಲವಾದ ದಾರಿ. ಬಲಗಡೆ ಮೂವತ್ತು ಹೆಜ್ಜೆಗೊಂದು ಕಿತ್ತಳೆ ಬಣ್ಣದ ಬಿದಿರು ಕೋಲು, ಎಡಗಡೆ ಹಂಡೆ. ದಾರಿ ಮುಗಿಯುವಲ್ಲಿ ಬೆಟ್ಟ ಕಾಯುವ ಗಸ್ತಿನವರ ಗುಡಿಸಲು. ಅರ್ಧ ದಾರಿಗೆ ಬರುವಷ್ಟರಲ್ಲಿ ಪಶ್ಚಿಮದಿಂದ ಮೋಡವೊಂದು ಬಂದು ದಿಣ್ಣೆಯ ಮೇಲೆ ಕೂತಿತು. ಬೆಳಕು ಚಪ್ಪಟೆಯಾಯಿತು. ಉಬ್ಬು ಯಾವುದು, ತಗ್ಗು ಯಾವುದು, ನೆಲ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತು ಒಂದೂ ತಿಳಿಯದು. ಹಾಲಿನ ಪಾತ್ರೆಯೊಳಗೆ ಬಿದ್ದ ನೊಣದ ಪಾಡು.

“ನಿಲ್ಲಿ! ಉಂಡೆ ಎಸೆದು ನೋಡಿ!” ಎಂದಳು ವರ್ನಾ.

ಮೂವರೂ ಉಂಡೆ ಕಟ್ಟಿ ಮುಂದಕ್ಕೆ ಎಸೆದರು. ಉಂಡೆ ಬಿದ್ದಲ್ಲಿ ನಿಂತರೆ ಸಪಾಟು, ಉರುಳಿದರೆ ಇಳಿಜಾರು, ಮಾಯವಾದರೆ ಅಲ್ಲಿ ನೆಲವೇ ಇಲ್ಲ. ಉಂಡೆಗಳು ಉರುಳಿದವು. ಬ್ರೀಟಾ ಈ ಸಲ ನಿಂತು ಕೊನೆಯವರೆಗೂ ನೋಡಿದಳು. ಆಮೇಲೆ ನಿಧಾನವಾಗಿ, ಚೊಕ್ಕವಾಗಿ ಒಂದು ತಿರುವು ತೆಗೆದಳು. ಅದನ್ನು ಕಂಡು ವರ್ನಾಳಿಗೆ ಹಿಗ್ಗೋ ಹಿಗ್ಗು. ನೋಡಪ್ಪಾ ಗ್ಯಾರೆಟ್, ಬಂತು ನೋಡು ಎಂದುಕೊಂಡಳು. ಆ ಹಿಗ್ಗಿನಲ್ಲಿ, ಕಲಿಸುವವರೆಲ್ಲ ಮಾಡುವ ಹಾಗೆ, ಮಕ್ಕಳ ಕಾಲು ನೋಡಲೆಂದು ಅವರ ಕಡೆ ಮುಖ ಮಾಡಿ ಹಿಮ್ಮುಖವಾಗಿ ಜಾರತೊಡಗಿದಳು. ಇಪ್ಪತ್ತೊಂಬತ್ತು ವರ್ಷದಿಂದ ಹಾಗೆ ಜಾರಿದವಳು. ಇಂಥ ಬೆಳಕಿನಲ್ಲಿ ಜಾರಬಾರದು ಎಂದು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಬೆಟ್ಟದಲ್ಲೇ ಇರಲಿಲ್ಲ.

ಗಾಳಿ ಕಟ್ಟಿದ ದಿಬ್ಬವೊಂದು ಸ್ಕೀಯ ಹಿಂತುದಿಗೆ ತಗುಲಿತು. ಎಡಗಾಲಿನ ಸ್ಕೀ ಕಳಚಿತು, ಬಲಗಾಲಿನದು ಕಳಚಲಿಲ್ಲ. ಮಂಡಿಯೊಳಗೆ ಟಪ್ಪೆಂದಿತು.

“ಅಯ್ಯಯ್ಯೋ!” ಎಂದವಳು ವಿನಿ. ವರ್ನಾಳ ಬಾಯಿಂದ ಸದ್ದೇ ಹೊರಡಲಿಲ್ಲ. ಹಿಮದಲ್ಲಿ ಮುಖ ಹುಗಿದುಕೊಂಡು ಹಲ್ಲು ಕಚ್ಚಿ ಬಿದ್ದಿದ್ದಳು. ನೋವಿಗಿಂತ ಮೊದಲು ನಾಚಿಕೆ ಬಂತು, ನಾಚಿಕೆಯ ಹಿಂದೆಯೇ ಹೆದರಿಕೆ. ಗಂಟೆ ಎರಡೂವರೆ. ಸೊನ್ನೆಗಿಂತ ಹದಿನೈದು ಕೆಳಗಿನ ಚಳಿ. ದಿಣ್ಣೆಯ ಆಚೆ ಫೋನು ಹಿಡಿಯುವುದಿಲ್ಲ. ಯಾರಾದರೂ ಉಳಿದಿದ್ದಾರೆಯೇ ಎಂದು ಗಸ್ತಿನವರು ದಾರಿ ನೋಡಿಕೊಂಡು ಬರುವುದು ನಾಲ್ಕರ ಮೇಲೆ. ಮೂರು ಮಕ್ಕಳು, ಎಡಕ್ಕೆ ಹಂಡೆ. ದೇವರೇ, ನಾನೇನು ಮಾಡಿಬಿಟ್ಟೆ!

“ಕೋಚ್, ಕದಲಬೇಡಿ,” ಎಂದಳು ಬ್ರೀಟಾ. ಅವಳ ಸ್ವರ ಸ್ವಲ್ಪ ನಡುಗುತ್ತಿತ್ತು. “ಥಿಯೋ, ಅವರ ಬಲಗಾಲಿನ ಸ್ಕೀ ಮೆಲ್ಲಗೆ ಬಿಚ್ಚು, ಎರಡನ್ನೂ ಮೇಲ್ಗಡೆ ಅಡ್ಡಡ್ಡ ನೆಡು. ಮೇಲಿಂದ ಯಾರಾದ್ರೂ ಬಂದ್ರೆ ಇವರ ಮೇಲೆ ಹತ್ತಿಸ್ತಾರೆ.”

“ನೆಟ್ಟಾಯ್ತು.”

“ಕೋಚ್, ಎಲ್ಲಿ ನೋವು? ಕತ್ತು ನೋಯ್ತಿದೆಯಾ? ಕಾಲ್ಬೆರಳು ಆಡಿಸಿ.”

“ಮಂಡಿ ಕಣೇ. ಬರೀ ಮಂಡಿ,” ಎಂದಳು ವರ್ನಾ. “ಕೇಳ್ರೋ ಇಲ್ಲಿ. ಎಲ್ಲರೂ ನನ್ನ ಪಕ್ಕ ಒತ್ತಿ ಕೂತ್ಕೊಳ್ಳಿ. ನಾಲ್ಕು ಗಂಟೆಗೆ ಗಸ್ತು ಬರುತ್ತೆ. ಯಾರೂ ಎಲ್ಲಿಗೂ ಹೋಗಕೂಡದು.”

ಬ್ರೀಟಾ ಥಿಯೋನ ಮುಖ ನೋಡಿದಳು. ಥಿಯೋ ವಿನಿಯ ಮುಖ ನೋಡಿದ.

“ಒಂದೂವರೆ ಗಂಟೆ ಹೀಗೇ ಬಿದ್ದಿದ್ರೆ ನೀವು ಹೆಪ್ಪುಗಟ್ಟಿಬಿಡ್ತೀರಿ,” ಎಂದಳು ಬ್ರೀಟಾ. “ಇಬ್ಬರು ಹೋಗಬೇಕು, ಒಬ್ಬರು ಇರಬೇಕು.”

“ಬೇಡ ಅಂದೆನಲ್ಲ!”

“ಗಾಯಾಳುವಿಗೆ ಓಟಿಲ್ಲ ಕೋಚ್. ನೋವಲ್ಲಿರೋರ ಬುದ್ಧಿ ನೆಟ್ಟಗಿರಲ್ಲ, ಅವರ ಮಾತು ಕೇಳಬಾರದು ಅಂತ ನೀವೇ ಹೇಳಿದ್ದು. ಪ್ರತಿ ಶನಿವಾರ ಹೇಳಿದೀರಿ.”

ಹೇಳಿದ್ದು ನಿಜ. ಈ ಮಾತು ಒಂದು ದಿನ ತನಗೇ ತಿರುಗಿ ಬರುತ್ತದೆಂದು ವರ್ನಾ ಎಣಿಸಿರಲಿಲ್ಲ. ಕೊನೆಗೆ ಅಂಚೆ ಕಚೇರಿಯ ತನ್ನ ಹಳೆಯ ಸಾಹೇಬರೊಬ್ಬರ ಧಾಟಿಯಲ್ಲಿ ಪಾಟೀಸವಾಲಿಗೆ ಇಳಿದಳು. “ಹೆಂಗೆ ಹೋಗ್ತೀರಿ? ಹೇಳು ನೋಡೋಣ.”

“ಕೋಲಿಂದ ಕೋಲಿಗೆ. ಒಬ್ಬರು ಕೋಲು ಹಿಡ್ಕೊಂಡು ನಿಂತು ಕೂಗ್ತಿರಬೇಕು. ಇನ್ನೊಬ್ಬರು ಉಂಡೆ ಎಸೀತಾ ಮುಂದಿನ ಕೋಲು ಹುಡುಕಬೇಕು. ಸಿಕ್ಕ ಮೇಲೇ ಹಿಂದಿನೋರು ಕೋಲು ಬಿಡೋದು.”

“ಸಿಗ್ಲಿಲ್ಲ ಅಂದ್ರೆ?”

“ವಾಪಸ್ ಹಿಂದಿನ ಕೋಲಿಗೆ. ಮೂರು ಸಲ ಸಿಗ್ಲಿಲ್ಲ ಅಂದ್ರೆ ಇಲ್ಲಿಗೇ ವಾಪಸ್.”

“ಎಷ್ಟು ಕೋಲು?”

ಅದಕ್ಕೆ ಉತ್ತರ ಕೊಟ್ಟವನು ಥಿಯೋ. “ಮೇಲಿಂದ ಇಲ್ಲಿವರೆಗೆ ಹದಿಮೂರು ಎಣಿಸಿದೀನಿ. ಒಟ್ಟು ಇಪ್ಪತ್ನಾಲ್ಕು. ಇನ್ನು ಹನ್ನೊಂದಿದೆ.”

ಎಣಿಸಿದ್ದಾನೆ! ಎಣಿಸಿ ಎಂದು ವರ್ನಾ ಪ್ರತಿ ಸಲ ಹೇಳುವಳು. ಯಾರೂ ಎಣಿಸುವುದಿಲ್ಲ ಎಂದೇ ತಿಳಿದುಕೊಂಡಿದ್ದಳು.

“ಯಾರು ಮುಂದೆ ಹೋಗೋದು?” ಎಂದಳು.

ಬ್ರೀಟಾ ತನ್ನ ಕಾಲಿನ ಕಡೆ ನೋಡಿಕೊಂಡಳು. ಸ್ಕೀಯ ಬೂಟು ಕಲ್ಲಿನಂತೆ ಗಟ್ಟಿ, ಅದನ್ನು ಹಾಕಿಕೊಂಡು ನಡೆಯಲಾಗದು. ಸ್ಕೀ ಮೇಲೆ ನಿಂತರೋ ಜಾರುತ್ತದೆ. ಥಿಯೋನ ಬೂಟು ಮೆತ್ತಗಿನದು.

“ಥಿಯೋ ಮುಂದೆ. ಅವನ ಬೂಟಲ್ಲಿ ನಡೀಬಹುದು. ನಾನು ಕೋಲು ಹಿಡ್ಕೊಂಡು ಕೂಗ್ತೀನಿ.” ಹೇಳಿಬಿಟ್ಟು, ಕೂಡಲೇ ಸೇರಿಸಿದಳು: “ನಡಿಯೋ ಕುಂಟಾ, ನಿನ್ನ ದಿನ ಬಂತು.”

ಥಿಯೋ ಹಲ್ಲು ಕಿರಿದ. ಅವನ ಬೋರ್ಡನ್ನು ಕೆಳಗೆ ಹಾಸಿ, ಮೂವರೂ ಸೇರಿ ವರ್ನಾಳನ್ನು ಮೆಲ್ಲಗೆ ಅದರ ಮೇಲೆ ಸರಿಸಿದರು. ಹಿಮದ ಥಂಡಿಯಿಂದ ಬೆನ್ನು ಬಿಡಿಸಿಕೊಂಡಿತು. ಬ್ರೀಟಾ ತನ್ನ ಚೀಲದ ಉಣ್ಣೆ ಅಂಗಿಯನ್ನು ಅವಳ ಎದೆಗೆ ತುರುಕಿದಳು.

“ನಾನು?” ಎಂದಳು ವಿನಿ. ಅಳು ತುಟಿಯವರೆಗೆ ಬಂದಿತ್ತು.

“ಜಾಸ್ತಿ ಮಾತಾಡೋರು ಗಾಯಾಳು ಹತ್ರ ಇರಬೇಕು, ಅದೂ ರೂಲು,” ಎಂದಳು ಬ್ರೀಟಾ. “ಇವರು ನಿದ್ದೆ ಹೋಗಬಾರದು. ಮಾತು ನಿಲ್ಲಿಸ್ಬೇಡ. ನಿಲ್ಲಿಸೋಕೆ ನಿಂಗೆ ಬರಲ್ಲ ಬಿಡು.”

ಇಬ್ಬರೂ ನಾಲ್ಕು ಹೆಜ್ಜೆ ಹೋದರೋ ಇಲ್ಲವೋ, ಮೋಡ ಅವರನ್ನು ನುಂಗಿಹಾಕಿತು. ಆಮೇಲೆ ದನಿ ಮಾತ್ರ. “ಕೇಳ್ತಿದೆಯಾ?” “ಕೇಳ್ತಿದೆ!” “ಎಸೆದೆ... ನಿಂತಿದೆ... ಸಿಕ್ತು! ಒಂದು!” ಎಂದ ಥಿಯೋ. ಸ್ವಲ್ಪ ಹೊತ್ತಿಗೆ ಬ್ರೀಟಾಳ ದನಿ ಅವನ ದನಿಯ ಪಕ್ಕ ಹೋಗಿ ನಿಂತಿತು. ಬೆಟ್ಟವನ್ನು ಒಂದೂವರೆ ನಿಮಿಷದಲ್ಲಿ ಇಳಿಯುವ ಹುಡುಗಿ ಮೂವತ್ತು ಹೆಜ್ಜೆಗೆ ನಾಲ್ಕು ನಿಮಿಷ ತೆಗೆದುಕೊಂಡಿದ್ದಳು. ಅದಕ್ಕಿಂತ ಚೆಂದದ ಸ್ಕೀಯಿಂಗನ್ನು ವರ್ನಾ ಕಂಡಿರಲಿಲ್ಲ, ಅದೂ ಕಣ್ಣಿಗೆ ಕಾಣದೆ.

“ಕೋಚ್, ನಿಮ್ಮ ಹೆಸರೇನು?” ವಿನಿಯ ಕೆಲಸ ಶುರುವಾಯಿತು.

“ನಿಂಗೆ ಗೊತ್ತಿಲ್ವೇನೇ?”

“ಗೊತ್ತು. ನಿಮಗೆ ಗೊತ್ತಾ ಅಂತ ನೋಡ್ತಿದೀನಿ. ಇವತ್ತು ಯಾವ ವಾರ?”

“ಶನಿವಾರ.”

“ನಮ್ಮ ನಾಯಿ ಮೂರು ಮರಿ ಹಾಕಿದೆ. ಒಂದಕ್ಕೆ ಒಂದೇ ಕಿವಿ ನಿಲ್ಲುತ್ತೆ. ನಮ್ಮಮ್ಮ ಅದನ್ನ ಯಾರಿಗಾದ್ರೂ ಕೊಟ್ಬಿಡೋಣ ಅಂತಾಳೆ. ನಾನು ಅದನ್ನೇ ಇಟ್ಕೋತೀನಿ ಅಂದೆ. ಕೋಚ್, ನಾಳೆ ಮೀಟಿಂಗಲ್ಲಿ ನಿಮ್ಮನ್ನ ತೆಗೆದ್ಹಾಕ್ತಾರಂತೆ, ಹೌದಾ?”

“...ಹೂಂ ಅನ್ಸುತ್ತೆ.”

“ಯಾಕೆ? ನೀವು ಬಿದ್ರಲ್ಲ, ಅದಕ್ಕಾ?”

ಆ ಸ್ಥಿತಿಯಲ್ಲೂ ವರ್ನಾಳಿಗೆ ನಗು ಬಂತು. ನಕ್ಕರೆ ಮಂಡಿ ಪ್ರಾಣ ತೆಗೆಯಿತು. “ಅವರು ನಿರ್ಧಾರ ಮಾಡಿದಾಗ ನಾನಿನ್ನೂ ಬಿದ್ದಿರಲಿಲ್ಲ ಕಣೇ.”

ದೂರದಿಂದ ನಾಲ್ಕು ಕೇಳಿತು. ಐದು ಕೇಳಿತು. ಆರು ಬರಲು ಬಹಳ ಹೊತ್ತು ಹಿಡಿಯಿತು. ಎರಡು ಸಲ “ವಾಪಸ್! ವಾಪಸ್ ಬಾ!” ಎಂದು ಬ್ರೀಟಾ ಕಿರುಚಿದ್ದು ವರ್ನಾಳಿಗೆ ಕೇಳಿತು. ಉಂಡೆ ಮಾಯವಾಗಿದೆ, ಹಾಗಾದರೆ ಹಂಡೆ ಅಲ್ಲೇ ಇದೆ. ಏಳಲು ನೋಡಿದಳು, ಆಗಲಿಲ್ಲ. ಕೂಗಬೇಕೆನ್ನಿಸಿತು. ಕೂಗಿದರೆ ಆ ಹುಡುಗನಿಗೆ ಯಾವ ದನಿಯ ಕಡೆ ನಡೆಯಬೇಕೆಂದು ಗೊಂದಲವಾದೀತು ಎಂದು ಕೈಗವಸನ್ನು ಬಾಯಿಗೆ ಕಚ್ಚಿಕೊಂಡು ಮಲಗಿದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಇಷ್ಟು ಕಷ್ಟದ ಪಾಠವನ್ನು ಅವಳು ಯಾರಿಗೂ ಹೇಳಿಕೊಟ್ಟಿರಲಿಲ್ಲ: ಸುಮ್ಮನಿರುವುದು.

“ಆರು!”

ಏಳು ಕೇಳಿದ್ದು ಗಾಳಿಯೋ ದನಿಯೋ ತಿಳಿಯಲಿಲ್ಲ. ಎಂಟು ಬರಲೇ ಇಲ್ಲ.

ವಿನಿ ಮಾತು ನಿಲ್ಲಿಸಿದಳು. ಅದು ಎಲ್ಲಕ್ಕಿಂತ ಭಯಂಕರವಾಗಿತ್ತು.

“ಹೇಳೇ,” ಎಂದಳು ವರ್ನಾ. “ಆ ಮರಿಗೆ ಏನು ಹೆಸರಿಟ್ಟೆ?”

“ಇನ್ನೂ ಇಟ್ಟಿಲ್ಲ.” ಮಗು ಬಿಕ್ಕುತ್ತಿತ್ತು. “ಅವರಿಗೇನೂ ಆಗಿಲ್ಲ ಅಲ್ವಾ ಕೋಚ್?”

“ಆಗಿಲ್ಲ. ದೂರ ಹೋಗಿದಾರೆ ಅಷ್ಟೇ. ದೂರ ಹೋದ್ರೆ ಕೇಳಲ್ಲ.” ಹಾಗೆಂದಳು. ನಂಬಿದಳೋ? ನಂಬಲಿಲ್ಲ. ಕಣ್ಣಂಚಿನಲ್ಲಿ ನೀರು ಇಳಿದು ಅಲ್ಲೇ ಮಂಜುಗಟ್ಟಿತು. ಸಭೆ, ಓಟು, ತರಗತಿ, ಎಲ್ಲ ಹೋಗಲಿ, ಈ ಎರಡು ಮಕ್ಕಳು ಗುಡಿಸಲು ಸೇರಲಿ ಎಂದು ಬೇಡಿಕೊಂಡಳು. ಚರ್ಚಿನಲ್ಲಿ ಹಾಡಲು ಮಾತ್ರ ಬಾಯಿ ತೆರೆಯುತ್ತಿದ್ದವಳು ಮೊದಲ ಸಲ ನಿಜವಾಗಿ ಬೇಡಿದಳು. ಒಂದು ಕೈಯಲ್ಲಿ ವಿನಿಯನ್ನು ಎಳೆದು ತಬ್ಬಿಕೊಂಡಳು. ಇಬ್ಬರೂ ಸೇರಿ ನಾಯಿಮರಿಗೆ ಹದಿನಾರು ಹೆಸರು ಯೋಚಿಸಿದರು. ಹದಿನಾರೂ ವಿನಿಗೆ ಹಿಡಿಸಲಿಲ್ಲ.

ಹದಿನೇಳನೆಯ ಹೆಸರಿನ ಹೊತ್ತಿಗೆ ಸೀಟಿ ಕೇಳಿತು. ಮೋಡದೊಳಗಿನಿಂದ ಕೆಂಪು ಕೋಟಿನ ಇಬ್ಬರು ಹಿಮಬಂಡಿ ಎಳೆದುಕೊಂಡು ಕೋಲಿನಿಂದ ಕೋಲಿಗೆ ಬಂದರು. ಮುಂದಿನವನು ಡೆಲ್ಬರ್ಟ್, ಗಸ್ತಿನ ಹಿರಿಯ, ವರ್ನಾಳ ಓರಗೆಯವನು. ಗಡ್ಡವೆಲ್ಲ ಬೆಳ್ಳಗೆ ಹೆಪ್ಪುಗಟ್ಟಿತ್ತು.

“ಮಕ್ಕಳು?” ಎಂದಳು ವರ್ನಾ.

“ನನ್ನ ಒಲೆ ಮುಂದೆ ಕೂತು ನನ್ನ ಬಿಸ್ಕತ್ತೆಲ್ಲ ಖಾಲಿ ಮಾಡ್ತಿದಾರೆ. ಕೆಳಗಿಂದ ಗಾಡಿ ಬರ್ತಿದೆ, ಅವರು ಮೊದಲು ಇಳೀತಾರೆ,” ಎಂದ ಡೆಲ್ಬರ್ಟ್. “ಏನಮ್ಮಾ ವರ್ನಾ, ಎಂಥಾ ಮಕ್ಕಳನ್ನ ತಯಾರು ಮಾಡಿದೀಯ! ಬಾಗಿಲು ತೆಗೆದು ಬಂದು ನಿಂತಳು ಆ ಹುಡುಗಿ. ಹೆಸರು ಕೇಳಿದೆ. ಹೆಸರು ಆಮೇಲೆ ಅಂದಳು. ಹಿಂಬದಿ ದಿಣ್ಣೆ, ಕೆಳಗಿಂದ ಹನ್ನೊಂದು ಕೋಲು, ಬಲಗಡೆ, ಹೆಂಗಸು, ಐವತ್ತೆಂಟು ವರ್ಷ, ಬಲ ಮಂಡಿ, ಎಚ್ಚರ ಇದೆ, ಕತ್ತಿಗೆ ಏನೂ ಆಗಿಲ್ಲ, ಜೊತೆಗೊಂದು ಮಗು, ಮೇಲ್ಗಡೆ ಸ್ಕೀ ನೆಟ್ಟಿದೀವಿ. ಒಂದೇ ಉಸಿರಲ್ಲಿ! ಎಲ್ಲಾ ಹೇಳಿ ಮುಗಿಸಿ ಆಮೇಲೆ ಗೋಡೆ ಕಡೆ ತಿರುಗಿ ಅತ್ತಳು ನೋಡು. ನಮ್ಮ ಹುಡುಗರು ಹತ್ತು ವರ್ಷ ಗಸ್ತು ತಿರುಗಿದ್ರೂ ಅರ್ಧ ಮರೆತು ಬರ್ತಾರೆ.”

“ಐವತ್ತೇಳು,” ಎಂದು ತಿದ್ದಿದಳು ವರ್ನಾ. ಆಮೇಲೆ ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು.

ಕೆಳಗೆ ಮೋಡವಿರಲಿಲ್ಲ. ಹಿಮಬಂಡಿ ಕೊನೆಯ ಇಳಿಜಾರಿಗೆ ಬಂದಾಗ ಸಂಜೆಯ ಬಿಸಿಲು ಮುಖಕ್ಕೆ ಬಡಿಯಿತು. ಲಿಫ್ಟಿನ ಹತ್ತಿರ ಜನ ಸೇರಿದ್ದರು. ಸುದ್ದಿ ಆಗಲೇ ಹರಡಿತ್ತು. ಒಬ್ಬರು ಕೈಯ ಸ್ಕೀ ಕೋಲುಗಳನ್ನು ಒಂದಕ್ಕೊಂದು ಬಡಿದರು, ಆಮೇಲೆ ಇನ್ನೊಬ್ಬರು, ಆಮೇಲೆ ಸಾಲಿಗೆ ಸಾಲೇ ಬಡಿಯತೊಡಗಿತು. ದಪ್ಪ ಕೈಗವಸು ಹಾಕಿದ ಊರಿನಲ್ಲಿ ಚಪ್ಪಾಳೆಯೆಂದರೆ ಅದೇ. ಟಕ ಟಕ ಟಕ ಟಕ ಎಂದು ಬೆಟ್ಟದ ಬುಡವೆಲ್ಲ ಮೊಳಗಿತು.

ವರ್ನಾಳಿಗೆ ಸಂಕೋಚವಾಯಿತು. ಹೊದಿಕೆಯಿಂದ ಕೈ ತೆಗೆದು ಬೀಸಿದಳು.

“ನಿನಗಲ್ಲ ಕಣಮ್ಮಾ,” ಎಂದ ಡೆಲ್ಬರ್ಟ್.

ತಿರುಗಿ ನೋಡಿದಳು. ಗಸ್ತಿನ ಕೋಣೆಯ ಮೆಟ್ಟಿಲ ಮೇಲೆ ಬ್ರೀಟಾ ಮತ್ತು ಥಿಯೋ, ಕೈಯಲ್ಲಿ ಚಿಲಿ ಎಂಬ ಖಾರದ ಸಾರಿನ ಬಟ್ಟಲು, ದಾಲ್ಚಿನ್ನಿ ಬನ್ನು. ಮುಖ ಕೆಂಪಗೆ ಮಾಡಿಕೊಂಡು, ಎಲ್ಲಿ ನೋಡಬೇಕೆಂದು ತಿಳಿಯದೆ ನಿಂತಿದ್ದರು. ಬಂಡಿಯ ತುದಿಯಲ್ಲಿ ಕೂತಿದ್ದ ವಿನಿ ಎದ್ದುನಿಂತು, ತನಗೂ ಸೇರಿತೆಂಬಂತೆ ಎರಡೂ ಕೈ ಮೇಲೆತ್ತಿದಳು. ಟಕಟಕ ಇನ್ನೂ ಜೋರಾಯಿತು. ವರ್ನಾ ಹೊದಿಕೆಯ ಒಳಗಿನಿಂದಲೇ ಹೋ ಎಂದು ಕೂಗಿದಳು. ಅಂಥ ಕೂಗನ್ನು ಅವಳ ಬಾಯಲ್ಲಿ ಯಾರೂ ಕೇಳಿರಲಿಲ್ಲ.

ಒಳಗೆ ಮಂಚದ ಮೇಲೆ ಮಲಗಿಸಿದ ಮೇಲೆ ಡೆಲ್ಬರ್ಟ್ ಫಾರಂ ತೆಗೆದ. ಗ್ಯಾರೆಟ್ ಬಾಗಿಲ ಹತ್ತಿರ ನಿಂತಿದ್ದ. ಮುಂಬದಿಯ ಇಳಿಜಾರಿನಲ್ಲಿ ರೇಸಿನ ಕೋಲು ನೆಡುತ್ತಿದ್ದವನು, ಸುದ್ದಿ ಕೇಳಿ ಸುತ್ತಿಗೆ ಹಿಡಿದುಕೊಂಡೇ ಓಡಿಬಂದಿದ್ದ. ಅದಿನ್ನೂ ಕೈಯಲ್ಲೇ ಇತ್ತು.

“ಅಪಘಾತಕ್ಕೆ ಕಾರಣ?” ಎಂದು ಓದಿದ ಡೆಲ್ಬರ್ಟ್.

“ಬೆಳಕಿಲ್ಲದಾಗ ಹಿಮ್ಮುಖ ಜಾರಿದೆ. ನನ್ನದೇ ತಪ್ಪು. ಹಾಗೇ ಬರಿ.”

“ಆ ಹೊತ್ತಿನಲ್ಲಿ ಗುಂಪಿನ ಮುಖ್ಯಸ್ಥರು?” ಉತ್ತರಕ್ಕೆ ಕಾಯದೆ ಅವನು ವರ್ನಾಳ ಹೆಸರಿನ ಮೊದಲ ಅಕ್ಷರ ಬರೆದಾಗಿತ್ತು.

“ಅದನ್ನ ಹೊಡೆದ್ಹಾಕು,” ಎಂದಳು ವರ್ನಾ. “ನಾನು ಬಿದ್ದ ಮೇಲೆ ಗುಂಪು ನಡೆಸಿದ್ದು ನಾನಲ್ಲ. ಬ್ರೀಟಾ ಲಿಂಡ್‌ಕ್ವಿಸ್ಟ್. ವಯಸ್ಸು ಹನ್ನೆರಡು.”

ಡೆಲ್ಬರ್ಟ್ ಹೊಡೆದುಹಾಕಿ ಬರೆದ. ಫಾರಂ ಎತ್ತಿಕೊಂಡು ಹೊರಗೆ ಹೋದ.

ಗ್ಯಾರೆಟ್ ಸುತ್ತಿಗೆಯನ್ನು ನೆಲದ ಮೇಲಿಟ್ಟ. “ಅವಳು ಥಿಯೋನನ್ನ ಮುಂದೆ ಬಿಟ್ಟಳಂತೆ,” ಎಂದ.

“ಹೂಂ. ಬಿಟ್ಟಳು.”

“ನಮ್ಮ ಬ್ರೀಟಾ?”

“ನಿಮ್ಮ ಬ್ರೀಟಾನೇ.”

ಅವನು ಮೂಗೊರೆಸಿಕೊಂಡ. “ನಾಳೆ ಮೀಟಿಂಗಿಗೆ ನೀವು ಬರೋಕಾಗಲ್ಲ.”

“ಆಗಲ್ಲ.”

“ಅವಳು ಬರ್ತಾಳಂತೆ. ಅವಳೂ ಥಿಯೋನೂ. ಮಾತಾಡೋದು ಅವಳಂತೆ, ನಾನು ಬಾಯಿ ಮುಚ್ಕೊಂಡು ಕೇಳಬೇಕಂತೆ.” ಅವನ ದನಿ ಒಡೆಯಿತು. “ಕೇಳ್ತೀನಿ ಅಂತ ಹೇಳಿ ಬಂದಿದೀನಿ.”

ವರ್ನಾ ಏನೋ ಹೇಳಲು ಹೊರಟಳು. ಬಲಗಾಲಿನ ಬೂಟು ಇನ್ನೂ ಬಿಗಿದುಕೊಂಡಿತ್ತು. ಬಾತ ಕಾಲನ್ನು ಅದರಿಂದ ಬಿಡಿಸುವ ಯೋಚನೆಗೇ ಅವಳ ಮುಖ ಕಿವುಚಿತು. ಗ್ಯಾರೆಟ್ ಅದನ್ನು ನೋಡಿದ. ಮಂಚದ ಪಕ್ಕ ನೆಲಕ್ಕೆ ಮಂಡಿಯೂರಿ, ಹಿಮ್ಮಡಿಯನ್ನು ಒಂದು ಅಂಗೈಯಲ್ಲಿ ಅಲುಗದಂತೆ ಹಿಡಿದು, ಕೊಂಡಿಗಳನ್ನು ಒಂದೊಂದಾಗಿ ಸಡಿಲಿಸಿದ. ನಾಲ್ಕನೆಯದಕ್ಕೆ ಮಂಜುಗಡ್ಡೆ ಕಟ್ಟಿತ್ತು. ಅವನು ಬಗ್ಗಿ, ಬಾಯಿಂದ ಬಿಸಿ ಉಸಿರು ಊದುತ್ತ, ಅದು ಕರಗುವುದನ್ನು ಕಾದ.